ಪ್ರಾರ್ಥನೆ ಮಾಡಿದರೂ ಚಿಂತೆ ಹೋಗುತ್ತಿಲ್ಲ, ನನ್ನ ವಿಶ್ವಾಸ ಕಡಿಮೆಯಾ?

ಹುಬ್ಬಳ್ಳಿಯಲ್ಲಿ ಅಂಗಡಿ, ಅದರ ಮೇಲೆ ಸಾಲ, ಮಗಳದು ಈ ವರ್ಷ ಸೆಕೆಂಡ್ ಪಿಯು ಅಂತ ಬರೆದಿದ್ದೀರಿ. ದಿನಾ ಪ್ರಾರ್ಥನೆ ಮಾಡುತ್ತೀರಿ, "ಎಲ್ಲಾ ಕರ್ತನಿಗೆ ಒಪ್ಪಿಸಿದೆ" ಅಂದು ಮಲಗುತ್ತೀರಿ. ನಡುರಾತ್ರಿ ಎಚ್ಚರವಾಗುತ್ತದೆ, ಮತ್ತೆ ಅದೇ ಲೆಕ್ಕ. ಸಾಲದ್ದಕ್ಕೆ ಸಭೆಯಲ್ಲಿ, ಅಂದರೆ ನಿಮ್ಮ ಚರ್ಚಿನಲ್ಲಿ, ಯಾರೋ "ಚಿಂತೆ ಮಾಡೋದು ಅವಿಶ್ವಾಸ" ಅಂದಿದ್ದಾರೆ. ಅಲ್ಲಿಂದ ನಿಮಗೆ ಚಿಂತೆಯ ಜೊತೆಗೆ ಚಿಂತೆ ಮಾಡುತ್ತಿದ್ದೇನಲ್ಲ ಅನ್ನೋ ಚಿಂತೆಯೂ ಶುರುವಾಗಿದೆ.

ಆ ಮಾತನ್ನು ಮೊದಲು ಪಕ್ಕಕ್ಕಿಡಿ. ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಊಟ, ಬಟ್ಟೆಯ ಚಿಂತೆ ಬೇಡ ಅನ್ನುವಾಗ "ಅಲ್ಪವಿಶ್ವಾಸಿಗಳೇ" ಅಂದದ್ದು ನಿಜ. ಆದರೆ ಯಾರಿಗೆ ಅಂದ? ತನ್ನ ಶಿಷ್ಯರಿಗೇ. ಎರಡು ಅಧ್ಯಾಯ ಮುಂದೆ ದೋಣಿಯಲ್ಲಿ ಬಿರುಗಾಳಿ ಬಂದಾಗಲೂ ಅವರಿಗೆ ಅದೇ ಮಾತು ಅಂದ. ಅಂದು ಅವರನ್ನು ದೂರ ತಳ್ಳಲಿಲ್ಲ, ಎದ್ದು ಗಾಳಿಯನ್ನು ಗದರಿಸಿದ. ಅಷ್ಟೇ ಅಷ್ಟು ವಿಶ್ವಾಸ ಇದ್ದವರನ್ನೇ ಆತ ಕೊನೆತನಕ ಜೊತೆಗಿಟ್ಟುಕೊಂಡ.

ನಾನು ಬೆಟಗೇರಿಯವಳು. ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ನಿವೃತ್ತಿ. ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಚಾಪೆ ಹಾಸಿರುತ್ತಾರೆ, ಒಂದೆರಡು ಹಾಡು, ಒಂದು ವಾಕ್ಯ, ಕೊನೆಗೆ ಚಹಾ. ಅಲ್ಲಿಗೆ ಒಬ್ಬರು ಅಜ್ಜಿ ಬರುತ್ತಿದ್ದರು. ಓದು ಬರಹ ಗೊತ್ತಿರಲಿಲ್ಲ, ಆದರೆ ಕೀರ್ತನೆಗಳು ಬಾಯಿಪಾಠ. ನನ್ನ ಮಗನ ಕೆಲಸ ಹೋಗಿದ್ದ ಹೊತ್ತು ಅದು. ನಾನು "ನಮ್ಮ ಮನೆಗಾಗಿ ಪ್ರಾರ್ಥನೆ ಮಾಡಿ, ಎಲ್ಲಾ ಒಳ್ಳೇದಾಗಲಿ" ಅಂದೆ. ಎಲ್ಲರೂ ಅನ್ನುವ ಮಾತೇ ಅಲ್ವಾ? ಅಜ್ಜಿ ಕಣ್ಣು ಮುಚ್ಚಲೇ ಇಲ್ಲ. ನನ್ನ ಕಡೆ ತಿರುಗಿ, "ಎಲ್ಲಾ ಅಂದ್ರ ಯಾವುದವ್ವಾ? ಹೆಸರ ಹಿಡದು ಹೇಳ. ಕುರುಡಗ ಯೇಸುಸ್ವಾಮಿ ನಿನಗೇನ ಮಾಡಬೇಕಂತ ಕೇಳಲಿಲ್ಲೇನು?" ಅಂದರು.

ಹೌದಲ್ವಾ, ಯೆರಿಕೋ ಊರಿನ ದಾರಿಯಲ್ಲಿ ಕೂತಿದ್ದ ಕುರುಡ ಬಾರ್ತಿಮಾಯನಿಗೆ ಏನು ಬೇಕು ಅಂತ ನೋಡಿದರೇ ಗೊತ್ತಾಗುತ್ತದೆ. ಆದರೂ ಯೇಸು ಕೇಳಿದ, ಅವನ ಬಾಯಿಂದಲೇ ಹೇಳಿಸಿದ.

ಆಗ ಬಿಡಿಸಿ ಹೇಳಿದೆ. ಮನೆ ಸಾಲದ ಕಂತು ಹತ್ತನೇ ತಾರೀಖಿಗಿದೆ, ದುಡ್ಡಿಲ್ಲ. ಮಗ ಬೆಂಗಳೂರಿನಿಂದ ಫೋನ್ ಎತ್ತುತ್ತಿಲ್ಲ. ಅವನು ಏನಾದರೂ ಮಾಡಿಕೊಂಡಾನು ಅಂತ ನನಗೆ ಭಯ. ಕೊನೆಯದನ್ನು ಅವತ್ತಿನವರೆಗೆ ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಮುಂದಿನ ದಾರಿ ತಾನಾಗಿಯೇ ಕಂಡಿತು. ಗಂಡ ಆ ರಾತ್ರಿಯೇ ಬೆಂಗಳೂರಿನ ಬಸ್ಸು ಹತ್ತಿದರು. ಮರುದಿನ ನಾನು ಬ್ಯಾಂಕಿಗೆ ಹೋಗಿ ಮಾತಾಡಿದೆ. ಕೆಲಸ ಸಿಗುವುದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ, ಅದನ್ನು ದೇವರಿಗೆ ಬಿಟ್ಟೆವು. ಬ್ಯಾಂಕಿನವರು ಕಂತು ಮುಂದೂಡಲಿಲ್ಲ, ಬಳೆ ಅಡ ಇಟ್ಟೆ. ಕೆಲಸ ತಿಂಗಳುಗಟ್ಟಲೆ ಸಿಗಲಿಲ್ಲ, ಸಿಕ್ಕಾಗ ಸಂಬಳವೂ ಕಡಿಮೆ. ಪವಾಡ ಅಂತ ಹೇಳುವಂಥದ್ದು ಏನೂ ಆಗಲಿಲ್ಲ. ಆದರೆ ಆ ತಿಂಗಳುಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು. ಅದು ದೇವರು ಕೊಟ್ಟದ್ದು ಅಂತಲೇ ಇವತ್ತಿಗೂ ನಂಬಿದ್ದೇನೆ.

ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ನಿಮಗೆ ಗೊತ್ತಿರುತ್ತದೆ. ಚಿಂತೆ ಮಾಡಬೇಡಿ ಅಂದು ಸುಮ್ನೆ ಬಿಡುವುದಿಲ್ಲ ಅವನು. ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ, ಸ್ತೋತ್ರದ ಜೊತೆ, ಅಂದರೆ ಕೃತಜ್ಞತೆ ಹೇಳುತ್ತಾ ತಿಳಿಸಿ ಅನ್ನುತ್ತಾನೆ. ಆಮೇಲೆ ಸಿಗುತ್ತದೆ ಅಂದದ್ದು ಏನು? ದೇವಶಾಂತಿ. ಕೇಳಿದ್ದೆಲ್ಲ ಸಿಗುತ್ತದೆ ಅಂತ ಅಲ್ಲಿ ಇಲ್ಲ. ಇದನ್ನು ಬರೆದಾಗ ಅವನು ಸೆರೆಮನೆಯಲ್ಲಿದ್ದ ಅನ್ನೋದು ಎಲ್ಲರೂ ಹೇಳುವ ಮಾತು. ಕಡಿಮೆ ಜನ ಗಮನಿಸುವುದು ಅದೇ ಪತ್ರದ 2ನೇ ಅಧ್ಯಾಯ. ಜೊತೆಗಾರ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದ. ಅವನು ಹುಷಾರಾಗಿರದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು, ಈಗ ಅವನನ್ನು ನಿಮ್ಮ ಹತ್ತಿರ ಕಳಿಸಿದರೆ ನನ್ನ ಮನಸ್ಸೂ ಹಗುರಾದೀತು ಅಂತ ಪೌಲನೇ ಬರೆಯುತ್ತಾನೆ. ಅಂದರೆ ಭಾರ ಅವನಿಗೂ ಇತ್ತು, ಅದನ್ನು ಮುಚ್ಚಿಡಲಿಲ್ಲ. ಸೆರೆ ಸಿಕ್ಕುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸುವೂ ಸಾಧ್ಯವಾದರೆ ಈ ಪಾತ್ರೆ, ಅಂದರೆ ಬರಲಿದ್ದ ಕಷ್ಟ, ನನ್ನನ್ನು ಬಿಟ್ಟುಹೋಗಲಿ ಅಂತ ಬಾಯಿಬಿಟ್ಟು ಕೇಳಿದ. ಒಂದೇ ಸಲ ಅಲ್ಲ, ಮೂರು ಸಲ. ಹಾಗಾಗಿ ಒಮ್ಮೆ ಒಪ್ಪಿಸಿದ್ದನ್ನು ನಾಳೆ ಮತ್ತೆ ಒಪ್ಪಿಸಬೇಕಾಗಿ ಬಂದರೆ ಅದರಲ್ಲಿ ತಪ್ಪೇನಿಲ್ಲ.

ಸ್ತೋತ್ರದ ಬಗ್ಗೆ ಒಂದು ಮಾತು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸುಗ್ಗಿ ಹಬ್ಬ ಮಾಡುತ್ತಾರಲ್ಲ, ಮಳೆ ಕೈಕೊಟ್ಟ ವರ್ಷವೂ ಮಾಡುತ್ತಾರೆ. ಹೆಸರು ಬೆಳೆ ಅರ್ಧ ಒಣಗಿದ ವರ್ಷ ಒಬ್ಬ ರೈತರು ಒಂದು ಸೇರು ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ತಂದು ಬಲಿಪೀಠದ ಮುಂದೆ ಇಟ್ಟರು. ಆಮೇಲೆ ಕಾಣಿಕೆಗಳ ಹರಾಜಿನಲ್ಲಿ ಅದು ಹೋದದ್ದು ಎಲ್ಲಕ್ಕಿಂತ ಜಾಸ್ತಿ ರೇಟಿಗೆ! ಆ ಗಂಟು ನೋಡಿದ ಮೇಲೆ ಕೊರತೆಯ ನಡುವೆ ಸ್ತೋತ್ರ ಹೇಳುವುದು ಹೇಗೆ ಅಂತ ನನಗೆ ಯಾರೂ ಬೋಧಿಸಬೇಕಾಗಲಿಲ್ಲ.

ಇನ್ನು ನಿಮ್ಮ ಲೆಕ್ಕದ ವಿಷಯ. ಈ ತಿಂಗಳ ಕಂತು, ಮುಂದಿನ ವರ್ಷದ ಫೀಸು, ಮಗಳ ಮದುವೆ, ಎಲ್ಲಾ ಒಂದೇ ರಾತ್ರಿ ಕೂಡಿಸುತ್ತಿದ್ದೀರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನಾ ಒಂದು ದಿನಕ್ಕಾಗುವಷ್ಟೇ ಸಿಗುತ್ತಿತ್ತು, ಬೆಳಗಿನ ತನಕ ಎತ್ತಿಟ್ಟದ್ದಕ್ಕೆ ಹುಳ ಬೀಳುತ್ತಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಿಟ್ಟುಕೊಳ್ಳಿ ಅಂತ ದೇವರೇ ಹೇಳಿದ್ದ, ಆಗ ಅದು ಕೆಡಲಿಲ್ಲ. ಯೋಜನೆ ಮಾಡುವುದಕ್ಕೂ ಚಿಂತೆ ಮಾಡುವುದಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲಿ ಕಾಣುತ್ತದೆ. ಸಾಲದ ಲೆಕ್ಕವನ್ನು ಹಗಲು ಹೊತ್ತಿನಲ್ಲಿ, ಪುಸ್ತಕ ಹಿಡಿದು, ಮನೆಯವರ ಜೊತೆ ಕೂತು ಮಾಡಿ. ರಾತ್ರಿ ಒಬ್ಬರೇ ತಲೆಯಲ್ಲಿ ಮಾಡಬೇಡಿ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರವೇ ಇದೆ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದು ವಿಶ್ವಾಸಕ್ಕೆ ವಿರುದ್ಧ ಅಲ್ಲವೇ ಅಲ್ಲ. ಎಲೀಯನಂಥ ಪ್ರವಾದಿ ಗಿಡದ ಕೆಳಗೆ ಬಿದ್ದುಕೊಂಡು "ನನಗೆ ಸಾವು ಕೊಡು" ಅಂದಾಗ ದೇವದೂತ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಉಣಿಸಿದ. ದೇವರ ಜೊತೆ ಮಾತುಕತೆ ನಡೆದದ್ದು ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಈ ವಾರ ನಿಮ್ಮ ಸಭೆಯಲ್ಲಿ ನಂಬಿಕೆಗೆ ತಕ್ಕ ಒಬ್ಬರನ್ನು ಹುಡುಕಿ, ಸಾಲ ಎಷ್ಟು, ಭಯ ಯಾವುದು ಅಂತ ಬಿಡಿಸಿ ಹೇಳಿ. ನಿಮಗೆ ಅವಿಶ್ವಾಸ ಅಂದವರ ಹತ್ತಿರ ಹೋಗಬೇಕಿಲ್ಲ. ಮತ್ತೆ, ಮಗಳ ಪರೀಕ್ಷೆ ಯಾವ ತಾರೀಖಿಗೆ ಶುರು ಅಂತ ನನಗೂ ತಿಳಿಸಿ. ಅವಳ ಹೆಸರು ಬರೆಯುವುದು ಬೇಡ, ತಾರೀಖು ಸಾಕು. ಆ ವಾರ ನಮ್ಮ ಓಣಿಯ ಕೂಟದಲ್ಲಿ ಅವಳಿಗಾಗಿಯೂ ಪ್ರಾರ್ಥಿಸುತ್ತೇವೆ.