ಕಿಡ್ನಿ ಡಾಕ್ಟರ್ ಬೇಗ ಬರಲಿ, ಡಯಾಲಿಸಿಸ್‌ಗೆ ಅವಸರ ಬೇಡ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಬಿಪಿ, ಶುಗರ್ ಎರಡೂ ಇದೆ. ವಾಂತಿ-ಭೇದಿ ಆಗಿ ಆಸ್ಪತ್ರೆಗೆ ಸೇರಿಸಿದ್ದೆವು. ಮಂಡಿನೋವು ಅಂದಿದ್ದಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು. ಮೊದಲ ದಿನ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಶ್ಮಲ) 1.1, ಮರುದಿನ 1.5. ‘ಸ್ವಲ್ಪ ಜಾಸ್ತಿ, ಗಾಬರಿ ಬೇಡ’ ಎಂದರು. ನಾಲ್ಕನೇ ದಿನ 3.6 ಆದ ಮೇಲೆ ಕಿಡ್ನಿ ತಜ್ಞರನ್ನು ಕರೆಸಿದರು. ಅವರು ‘ಈಗಲೇ ಡಯಾಲಿಸಿಸ್ ಬೇಡ, ಕಾದು ನೋಡೋಣ’ ಎಂದರು. ಈಗ ಮನೆಗೆ ಬಂದಿದ್ದಾರೆ, ಕ್ರಿಯಾಟಿನಿನ್ 1.6 ಇದೆ. ತಜ್ಞರು ಬಂದಿದ್ದೂ ತಡ, ಡಯಾಲಿಸಿಸ್ ಮಾಡದೆ ಕಾದಿದ್ದೂ ತಡ ಅಲ್ವಾ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲನೆಯದು ತಡ ಹೌದು. ಎರಡನೆಯದು ಅಲ್ಲ.

48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿದರೆ ಸಾಕು, ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ನಿಮ್ಮ ತಂದೆಗೆ ಒಂದೇ ದಿನದಲ್ಲಿ 0.4 ಏರಿತ್ತು. ಇಲ್ಲಿ 1.5 ಜಾಸ್ತಿಯೋ ಕಡಿಮೆಯೋ ಎನ್ನುವುದಕ್ಕಿಂತ ನಿನ್ನೆ ಎಷ್ಟಿತ್ತು ಎನ್ನುವುದೇ ಮುಖ್ಯ. ಸಣಕಲು ಅಜ್ಜಿಯೊಬ್ಬರಿಗೆ 0.6 ಇದ್ದದ್ದು 1.0 ಆದರೆ ಲ್ಯಾಬ್ ರಿಪೋರ್ಟ್ ‘ನಾರ್ಮಲ್’ ಎಂದೇ ತೋರಿಸುತ್ತದೆ. ಕಿಡ್ನಿ ಮಾತ್ರ ಆಗಲೇ ಸೊರಗಿರುತ್ತದೆ.

ಅದೂ ಅಲ್ಲದೆ ಕ್ರಿಯಾಟಿನಿನ್ ತಡವಾಗಿ ಏಳುತ್ತದೆ. ಮೂತ್ರ ಎಷ್ಟೋ ಸಲ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. 60 ಕಿಲೋ ತೂಕದವರಿಗೆ ಆರು ಗಂಟೆಯಲ್ಲಿ 180 ಮಿಲಿ, ಅಂದರೆ ಒಂದು ಲೋಟದಷ್ಟೂ ಮೂತ್ರ ಬರದಿದ್ದರೆ ಅದೇ ಎಚ್ಚರಿಕೆ. ರೋಗಿಯ ಪಕ್ಕ ಕೂತವರು ಇದನ್ನು ಬರೆದಿಟ್ಟುಕೊಂಡರೆ ನಮಗೆ ಎಷ್ಟೋ ಉಪಕಾರ.

ಹಾಗಂತ ಎರಡನೇ ದಿನವೇ ತಜ್ಞರು ಓಡಿ ಬರಬೇಕಿತ್ತು ಎನ್ನಲಾರೆ. ಮೊದಲ ಕೆಲಸ ವಾರ್ಡಿನ ಡಾಕ್ಟರದ್ದೇ: ನೀರಿನಂಶ ತುಂಬುವುದು, ಮೂತ್ರ ಎಲ್ಲಾದರೂ ಕಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿಸುವುದು, ನೋವಿನ ಔಷಧಿ ನಿಲ್ಲಿಸುವುದು. ಬಿಪಿಗೆ ಟೆಲ್ಮಿಸಾರ್ಟನ್‌ನಂಥ ಮಾತ್ರೆ ಇದ್ದರೆ ಅದನ್ನೂ, ಶುಗರ್‌ಗೆ ಮೆಟ್‌ಫಾರ್ಮಿನ್ ಇದ್ದರೆ ಅದನ್ನೂ ಸದ್ಯಕ್ಕೆ ತಡೆಹಿಡಿಯುವುದು. ಭೇದಿಯಿಂದ ಒಣಗಿದ ದೇಹಕ್ಕೆ ಡೈಕ್ಲೋಫೆನಾಕ್ ಕೊಟ್ಟರೆ ಕಿಡ್ನಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಆ ಇಂಜೆಕ್ಷನ್ ಎಷ್ಟು ದಿನ ನಡೆಯಿತು ಎಂದು ಚಾರ್ಟ್ ಕೇಳಿ ನೋಡಿ. ತಜ್ಞರು ಬಂದಿದ್ದು ತಡವಾಯಿತು ಎನ್ನುವುದಕ್ಕಿಂತ ನನಗೆ ಜಾಸ್ತಿ ಬೇಸರ ಇರುವುದು ಅದರ ಬಗ್ಗೆ.

ಇಷ್ಟೆಲ್ಲ ಮಾಡಿದರೂ ಇಳಿಯದಿದ್ದರೆ, ಕಾರಣವೇ ಗೊತ್ತಾಗದಿದ್ದರೆ, ಕ್ರಿಯಾಟಿನಿನ್ ಮೂರು ಪಟ್ಟಾದರೆ ಅಥವಾ ಕಿಡ್ನಿ ಕಸಿ ಆದವರಾಗಿದ್ದರೆ 24 ಗಂಟೆಯೊಳಗೆ ತಜ್ಞರ ಜೊತೆ ಮಾತಾಡಬೇಕು ಎನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಿಡ್ನಿ ತಜ್ಞರು ಸಿಗದಿದ್ದರೂ ಫೋನ್ ಇದೆಯಲ್ಲ. ಪೊಟ್ಯಾಷಿಯಂ ಏರಿದರೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿದರೆ, ರೋಗಿ ಮಂಕಾದರೆ 24 ಗಂಟೆಯೂ ಕಾಯುವಂತಿಲ್ಲ. ಅಂದಹಾಗೆ, ‘ತಂಪಾಗಲಿ’ ಎಂದು ವಾರ್ಡಿಗೆ ಎಳನೀರು ತರುವ ಬಂಧುಗಳಿಗೆ ಒಂದು ಮಾತು. ಎಳನೀರಲ್ಲಿ ಪೊಟ್ಯಾಷಿಯಂ ಬಹಳ. ಡಾಕ್ಟರನ್ನು ಕೇಳದೆ ಕುಡಿಸಬೇಡಿ.

ಇನ್ನು ಡಯಾಲಿಸಿಸ್. ಕ್ರಿಯಾಟಿನಿನ್ ಇಷ್ಟಾಯಿತು ಎಂದು ಡಯಾಲಿಸಿಸ್ ಶುರು ಮಾಡುವುದಿಲ್ಲ. ಫ್ರಾನ್ಸಿನ ಐಸಿಯು ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಡಯಾಲಿಸಿಸ್ ಶುರು ಮಾಡಿದರು, ಇನ್ನೊಂದು ಗುಂಪಿನಲ್ಲಿ ಕಾದು ನೋಡಿದರು. ಕಾದು ನೋಡಿದ ಗುಂಪಿನಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಡಯಾಲಿಸಿಸ್ ಬೇಕಾಗಲೇ ಇಲ್ಲ. ಸಾವು ಎರಡೂ ಗುಂಪಿನಲ್ಲಿ ಒಂದೇ ಮಟ್ಟದಲ್ಲಿತ್ತು. 2020ರಲ್ಲಿ ಸುಮಾರು 3000 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲೂ ಬೇಗ ಶುರು ಮಾಡಿದ್ದರಿಂದ ಜೀವ ಉಳಿದದ್ದೇನೂ ಜಾಸ್ತಿ ಇಲ್ಲ. ಬದಲಿಗೆ, ಬದುಕುಳಿದವರಲ್ಲಿ 90 ದಿನದ ನಂತರವೂ ಡಯಾಲಿಸಿಸ್‌ನಲ್ಲೇ ಇದ್ದವರು ಬೇಗ ಶುರು ಮಾಡಿದ ಗುಂಪಿನಲ್ಲೇ ಹೆಚ್ಚು. ನಿಮ್ಮ ತಜ್ಞರು ಕಾದದ್ದು ಸರಿ. ದಿನಾ ನೋಡುತ್ತಾ ಕಾಯುವುದು ಬೇರೆ, ನೋಡದೆ ಬಿಡುವುದು ಬೇರೆ.

1.6 ಅಂದರೆ ಕಿಡ್ನಿ ಇನ್ನೂ ಪೂರ್ತಿ ಸುಧಾರಿಸಿಲ್ಲ. ಒಂದೆರಡು ವಾರದಲ್ಲಿ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಕ್ರಿಯಾಟಿನಿನ್ ಮಾಡಿಸಿ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಅಂತಲೂ ನೋಡಿಸಿ. ನಿಲ್ಲಿಸಿದ ಮಾತ್ರೆಗಳನ್ನು ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗುವುದಂತೂ ಇನ್ನು ಬೇಡವೇ ಬೇಡ.