ಶಾಲೆಯಲ್ಲಿ ಚಾಟ್‌ಜಿಪಿಟಿಯಂತಹ ಎಐ ಬಳಕೆಗೆ ಅವಕಾಶ ಕೊಡಬೇಕೇ ಎಂದು ಹೇಗೆ ನಿರ್ಧರಿಸುವುದು?

ಸಾರಾಸಗಟು ನಿಷೇಧ ಹೆಚ್ಚು ಕಾಲ ನಿಲ್ಲುವುದಿಲ್ಲ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿಯನ್ನು ನಿರ್ಬಂಧಿಸಿ, ಮೇ ತಿಂಗಳಲ್ಲೇ ಆ ಕ್ರಮವನ್ನು ಹಿಂಪಡೆದವು. ಮಗು ತಾನೇ ಮಾಡಿ ಕಲಿಯಬೇಕಾದ ಕೆಲಸವನ್ನು ಯಂತ್ರ ಮಾಡಿಕೊಡುತ್ತಿದೆಯೇ ಎಂಬುದನ್ನು ಪ್ರತಿ ಪಾಠದಲ್ಲೂ ಕೇಳಿಕೊಳ್ಳಬೇಕು. ಎಂಟನೇ ತರಗತಿಯ ಪ್ರಬಂಧದ ಉದ್ದೇಶವೇ ಯೋಚಿಸಿ ವಾಕ್ಯ ಕಟ್ಟುವ ಅಭ್ಯಾಸವಾದ್ದರಿಂದ ಅಲ್ಲಿ ಅದು ಬೇಡ. ಶಿಕ್ಷಕರು ಅಭ್ಯಾಸದ ಲೆಕ್ಕಗಳನ್ನು ಅದರಿಂದ ಬರೆಯಿಸಿ, ತಾವೇ ಬಿಡಿಸಿ ನೋಡಿ ಕೊಡುವುದರಲ್ಲಿ ತಪ್ಪಿಲ್ಲ.

ಕನ್ನಡ ಪಾಠದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಕ್ಕಮಹಾದೇವಿಯ ವಚನವೊಂದನ್ನು ಕೇಳಿದರೆ, ಯಾವ ಸಂಪುಟದಲ್ಲೂ ಇಲ್ಲದ ಸಾಲುಗಳನ್ನು ಹೆಣೆದು, ಕೊನೆಗೆ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತವನ್ನೂ ಸೇರಿಸಿ ಅದು ಕೊಡಬಲ್ಲದು. ಅಂಕಿತ ಸರಿಯಾಗಿರುವುದರಿಂದ ಮಕ್ಕಳು ಸುಲಭವಾಗಿ ನಂಬಿಬಿಡುತ್ತಾರೆ. ಅಂಥ ಉತ್ತರವನ್ನು ವಚನ ಸಂಪುಟದೊಂದಿಗೆ ಹೋಲಿಸಿ ನೋಡುವುದನ್ನೇ ಪಾಠವಾಗಿಸುವುದು, ನನ್ನ ಅಭಿಪ್ರಾಯದಲ್ಲಿ, ಈ ತಂತ್ರಜ್ಞಾನದ ಅತ್ಯುತ್ತಮ ಬಳಕೆ.

ತರಗತಿಯಲ್ಲಿ ಇದನ್ನು ಬಳಸಲು ಕನಿಷ್ಠ 13 ವರ್ಷ ತುಂಬಿರಬೇಕೆಂದು ಯುನೆಸ್ಕೊದ 2023ರ ಮಾರ್ಗಸೂಚಿ ಸೂಚಿಸುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಬಯಸುತ್ತದೆ. ಹೀಗಾಗಿ ವಿದ್ಯಾರ್ಥಿಗಳ ಹೆಸರು, ಅಂಕಪಟ್ಟಿ, ಭಾವಚಿತ್ರಗಳನ್ನು ಶಿಕ್ಷಕರೂ ಅದಕ್ಕೆ ಒದಗಿಸಬಾರದು.