ಗೆದ್ದ ಖುಷಿ ಬೇರೆ, ಪೂರ್ತಿ ಹೊರಬಂದ ಖುಷಿ ಬೇರೆ

ಕ್ರೀಡಾಪಟು ತನ್ನ ಸಾಮರ್ಥ್ಯದ ತುದಿ ಮುಟ್ಟಿದ ಖುಷಿ ಯಾವ ಫೋಟೊದಲ್ಲಿ ಚೆನ್ನಾಗಿ ಸಿಕ್ಕಿದೆ ಅಂತ ಕೇಳಿದ್ದೀರಿ. ಪದಕ ಕಚ್ಚಿ ನಿಂತ ಫೋಟೊಗಳನ್ನು ನಾನು ಮೊದಲೇ ಪಕ್ಕಕ್ಕಿಡುತ್ತೇನೆ. ಅದು ಕ್ಯಾಮೆರಾದವರು ಕೇಳಿ ಮಾಡಿಸುವ ಪೋಸು.

ನನ್ನ ಆಯ್ಕೆ ಅಮೆರಿಕದ ಲಾಂಗ್ ಜಂಪ್ ಪಟು ಬಾಬ್ ಬೀಮನ್. 1968ರ ಅಕ್ಟೋಬರ್ 18, ಮೆಕ್ಸಿಕೊ ಒಲಿಂಪಿಕ್ಸ್‌ನ ಲಾಂಗ್ ಜಂಪ್ ಫೈನಲ್. ಅರ್ಹತಾ ಸುತ್ತಿನಲ್ಲಿ ಸಿಗುವ ಮೂರು ಅವಕಾಶಗಳಲ್ಲಿ ಎರಡು ಫೌಲ್ ಮಾಡಿ, ಮನೆಗೆ ಹೋಗುವುದರಿಂದ ಸ್ವಲ್ಪದರಲ್ಲೇ ತಪ್ಪಿಸಿಕೊಂಡಿದ್ದ ಮನುಷ್ಯ. ಫೈನಲ್‌ನ ಮೊದಲ ಜಿಗಿತದಲ್ಲೇ 8.90 ಮೀಟರ್ ಹಾರಿಬಿಟ್ಟರು. ಅಲ್ಲಿಯವರೆಗಿನ ವಿಶ್ವದಾಖಲೆ 8.35. ಅಳೆಯಲು ಇಟ್ಟಿದ್ದ ಯಂತ್ರಕ್ಕೆ ಅಷ್ಟು ದೂರ ನಿಲುಕಲೇ ಇಲ್ಲ, ಕೊನೆಗೆ ಟೇಪು ತಂದು ಅಳೆದರು.

ಟೋನಿ ಡಫಿ ಎಂಬ ಇಂಗ್ಲೆಂಡಿನ ಹವ್ಯಾಸಿ ಛಾಯಾಗ್ರಾಹಕ ತೆಗೆದ ಫೋಟೊದಲ್ಲಿ ಬೀಮನ್ ಇನ್ನೂ ಗಾಳಿಯಲ್ಲಿದ್ದಾರೆ. ಬಾಯಿ ತೆರೆದಿದೆ, ಕಣ್ಣು ಅಗಲವಾಗಿದೆ. ಎಷ್ಟು ಹಾರಿದೆ ಅಂತ ಅವರಿಗೇ ಗೊತ್ತಿಲ್ಲ. ಇದನ್ನೊಂದೇ ನೋಡಬೇಡಿ. ಆಮೇಲಿನ ಫೋಟೊಗಳನ್ನೂ ಹುಡುಕಿ. ಬೋರ್ಡಿನಲ್ಲಿ ಬಂದ ಮೀಟರ್ ಲೆಕ್ಕ ಅವರಿಗೆ ಅರ್ಥವಾಗಲಿಲ್ಲ. ಜೊತೆಗಾರ ರಾಲ್ಫ್ ಬಾಸ್ಟನ್ 29 ಅಡಿ ದಾಟಿದ್ದೀಯ ಅಂತ ಹೇಳಿದ ಮೇಲೆ ಕಾಲಿನ ಬಲವೇ ಹೋಯಿತು. ಮುಖ ಮುಚ್ಚಿಕೊಂಡು ಟ್ರ್ಯಾಕಿನ ಮೇಲೆ ಕುಸಿದರು. ಗೊತ್ತಿಲ್ಲದವರು ನೋಡಿದರೆ ಸೋತಿದ್ದಾರೆ ಅಂದುಕೊಳ್ಳಬೇಕು, ಹಾಗಿದೆ!

ಎತ್ತರದ ಊರು, ತೆಳು ಗಾಳಿ, ಅದಕ್ಕೇ ಹಾರಿದರು ಅನ್ನುವವರು ಜಾಸ್ತಿ ಇದ್ದಾರೆ. ಅದೇ ಊರಿನಲ್ಲಿ ಅದೇ ದಿನ ಬೆಳ್ಳಿ ಗೆದ್ದವರು ಹಾರಿದ್ದು 8.19. ಬೀಮನ್ ಕೂಡ ಆಮೇಲೆ ಯಾವತ್ತೂ ಅದರ ಹತ್ತಿರಕ್ಕೂ ಬರಲಿಲ್ಲ. ಒಬ್ಬ ಮನುಷ್ಯನೊಳಗೆ ಇದ್ದದ್ದೆಲ್ಲ ಒಂದೇ ಜಿಗಿತದಲ್ಲಿ ಹೊರಬಂದಿತ್ತು, ಅವತ್ತೇ ಚಿನ್ನವೂ ಸಿಕ್ಕಿತು. ಹೀಗೆ ಎರಡೂ ಕೂಡಿ ಬರುವುದು ಅಪರೂಪ, ಅಲ್ವಾ?

ಕ್ಯಾಥಿ ಫ್ರೀಮನ್ ನೋಡಿ. 2000ದ ಸಿಡ್ನಿಯಲ್ಲಿ 400 ಮೀಟರ್ ಗೆದ್ದು ಟ್ರ್ಯಾಕಿನ ಮೇಲೆ ಕೂತುಬಿಟ್ಟ ಫೋಟೊ ಎಲ್ಲರಿಗೂ ಗೊತ್ತು. ಇಡೀ ಆಸ್ಟ್ರೇಲಿಯಾದ ಭಾರ ಇಳಿದ ಮುಖ ಅದು. ಓಡಿದ್ದು 49.11 ಸೆಕೆಂಡು. ಆದರೆ ಅವರ ಜೀವನದ ಅತಿ ವೇಗದ ಓಟ 48.63, 1996ರ ಅಟ್ಲಾಂಟಾದಲ್ಲಿ. ಅದಕ್ಕೆ ಸಿಕ್ಕಿದ್ದು ಬೆಳ್ಳಿ.

ನಮ್ಮ ನೀರಜ್ ಚೋಪ್ರಾರ ಟೋಕಿಯೊ ಫೋಟೊ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಜಾವೆಲಿನ್ ನೆಲಕ್ಕೆ ಬೀಳುವ ಮೊದಲೇ ತಿರುಗಿ ಕೈ ಎತ್ತಿದ ಆ ಧೈರ್ಯ ನನಗೂ ಬಹಳ ಇಷ್ಟ. ಆದರೆ ನೀವು ಕೇಳಿದ್ದು ಸಾಮರ್ಥ್ಯದ ತುದಿ. ಅವತ್ತು ಎಸೆದದ್ದು 87.58 ಮೀಟರ್. 2025ರ ಮೇನಲ್ಲಿ ದೋಹಾದಲ್ಲಿ 90.23 ಎಸೆದು ಮೊದಲ ಸಲ 90 ದಾಟಿದರು. ಅಲ್ಲಿ ಬಂದದ್ದು ಎರಡನೇ ಸ್ಥಾನ.